ಡ್ರ್ಯಾಗನ್ ಬೆನ್ನೇರಿ ಭಾರ ಕಳೆದುಕೊಂಡ ಪ್ರೇಮ

ಮೂರು ಸಂಪುಟಗಳ ಉದ್ದಕ್ಕೂ ಕಾಯಿಸಿದ ಮದುವೆ ಓದುಗರ ಕಣ್ಣೆದುರು ನಡೆಯಲೇ ಇಲ್ಲ. ರೆಬೆಕಾ ಯಾರೋಸ್ ಅವರ 'ಓನಿಕ್ಸ್ ಸ್ಟಾರ್ಮ್' ಕಾದಂಬರಿಯ ಕೊನೆಯಲ್ಲಿ ನಾಯಕಿ ವಯೊಲೆಟ್ ಎಚ್ಚರಗೊಳ್ಳುತ್ತಾಳೆ. ಹಿಂದಿನ ಕೆಲವು ಗಂಟೆಗಳ ನೆನಪು ಅವಳಿಗಿಲ್ಲ. ಬೆರಳಲ್ಲಿ ಉಂಗುರವಿದೆ, ಮದುವೆಯಾಯಿತು ಎಂದು ಹೇಳುವ ಕಾಗದವಿದೆ, ಗಂಡ ಇಲ್ಲ. ನೆನಪು ಅಳಿಸುವ ಶಕ್ತಿಯುಳ್ಳ ಗೆಳತಿಯೊಬ್ಬಳು ಆ ಗಂಟೆಗಳನ್ನು ಒರೆಸಿಹಾಕಿದ್ದಾಳೆ. ಇಲ್ಲಿಯವರೆಗೆ ಓದುತ್ತ ಬಂದವರಿಗೆ ಬೇಕಾಗಿದ್ದುದು ಆ ಗಂಟೆಗಳೇ. ಒಳಗಿಂದ ಆತ್ಮವೇ ಸವೆಯುತ್ತಿರುವ ಗಂಡಿನ ಕೈಹಿಡಿದು ಅವಳು ಏನು ಮಾತು ಕೊಟ್ಟಳು? ಅವನು ಹೊರಟಾಗ ತಡೆದಳೇ, ಕಳಿಸಿಕೊಟ್ಟಳೇ? ಎಲ್ಲವನ್ನೂ ಮುಂದಿನ ಸಂಪುಟಕ್ಕೆ ಎತ್ತಿಟ್ಟು ಪುಸ್ತಕ ಮುಗಿಯುತ್ತದೆ. ಕೊನೆಯ ಪುಟ ಮುಗಿಸಿದಾಗ ನನಗೆ ಸಿಟ್ಟಿಗಿಂತ ಬೇಸರವೇ ಹೆಚ್ಚಾಯಿತು. ಮನಸಾರೆ ಮೆಚ್ಚಿಕೊಂಡು ಓದಲು ಶುರುಮಾಡಿದ ಸರಣಿ ಇದು.

2025ರ ಜನವರಿ 21ರಂದು ಈ ಕಾದಂಬರಿ ಹೊರಬಂತು. ಅಮೆರಿಕದಲ್ಲಿ ಪುಸ್ತಕದಂಗಡಿಗಳು ಮಧ್ಯರಾತ್ರಿಯೇ ಬಾಗಿಲು ತೆರೆದು, ಕಾದು ನಿಂತವರಿಗೆ ಪ್ರತಿ ಕೊಟ್ಟವು. ಮೊದಲ ವಾರದಲ್ಲಿ 27 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ, ಕಳೆದ ಇಪ್ಪತ್ತು ವರ್ಷಗಳಲ್ಲಿ ದೊಡ್ಡವರಿಗಾಗಿ ಬರೆದ ಯಾವ ಕಾದಂಬರಿಯೂ ಈ ವೇಗದಲ್ಲಿ ಖರ್ಚಾಗಿಲ್ಲ ಎಂದು ಪತ್ರಿಕೆಗಳು ಬರೆದವು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲೂ ಈ ಸರಣಿಯನ್ನು ಕಣ್ಣಿಗೆ ಬೀಳುವಂತೆ ಜೋಡಿಸಿಟ್ಟಿರುತ್ತಾರೆ, ಕಾಲೇಜು ಹುಡುಗಿಯರು ಎತ್ತಿ ನೋಡುತ್ತಾರೆ. ಇಷ್ಟೊಂದು ಜನ ಓದುವ ಪುಸ್ತಕವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ, ಕಣ್ಣುಮುಚ್ಚಿ ಹೊಗಳುವುದೂ ಸರಿಯಲ್ಲ. ಇನ್ನೂ ಓದದವರಿಗೆ ಒಂದು ಮಾತು: ಕಥೆಯ ಗುಟ್ಟುಗಳನ್ನು ಬಿಡಿಸದೆ ಈ ಬರಹ ಮುಂದುವರಿಯಲಾರದು.

ಸರಣಿಯ ಮೊದಲ ಪುಸ್ತಕ 'ಫೋರ್ತ್ ವಿಂಗ್' 2023ರ ಮೇ ತಿಂಗಳಲ್ಲಿ ಬಂತು. ನವಾರ್ ಎಂಬ ರಾಜ್ಯ, ಅಲ್ಲಿ ಬಾಸ್ಗಿಯತ್ ಎಂಬ ಯುದ್ಧ ಕಾಲೇಜು. ವಯೊಲೆಟ್ ಬೆಳೆದದ್ದು ಗ್ರಂಥಗಳ ನಡುವೆ. ತೀರಿಹೋದ ಅಪ್ಪ ಲಿಪಿಕಾರ, ಅವಳು ತಯಾರಾದದ್ದೂ ಲಿಪಿಕಾರಳಾಗುವುದಕ್ಕೆ. ಸೇನಾಧಿಕಾರಿಯಾದ ತಾಯಿ ಅವಳನ್ನು ಒತ್ತಾಯದಿಂದ ಡ್ರ್ಯಾಗನ್ ಸವಾರರ ವಿಭಾಗಕ್ಕೆ ನೂಕುತ್ತಾಳೆ. ಒಳಗೆ ಹೋಗಬೇಕಾದರೆ ಗೋಪುರಗಳ ನಡುವಿನ ಕಿರಿದಾದ ಕಲ್ಲುದಾರಿಯ ಮೇಲೆ ನಡೆಯಬೇಕು, ಜಾರಿದವರಿಗೆ ಸಾವು. ಹುಡುಗಿಯ ಮೈಯೋ, ಕೀಲುಗಳು ಸುಲಭವಾಗಿ ತಪ್ಪುವ, ಮೂಳೆ ಬೇಗ ಮುರಿಯುವ ಮೈ. ಎಹ್ಲರ್ಸ್-ಡ್ಯಾನ್ಲೋಸ್ ಸಿಂಡ್ರೋಮ್ ಎಂಬ ಈ ತೊಂದರೆ ಸ್ವತಃ ಯಾರೋಸ್ ಅವರಿಗೂ ಇದೆ. ಆದ್ದರಿಂದಲೇ ನೋವಿನ ವಿವರಗಳಲ್ಲಿ ಸುಳ್ಳಿಲ್ಲ. ಮೊಣಕಾಲಿಗೆ ಬಟ್ಟೆ ಬಿಗಿದು ಸುತ್ತಿಕೊಳ್ಳುವುದು, ಭುಜ ತಪ್ಪಿದಾಗ ಉಸಿರು ಬಿಗಿಹಿಡಿಯುವುದು, ನಾಳೆ ಮತ್ತೆ ಅದೇ ಎಂದು ತಿಳಿದೂ ಎದ್ದು ನಿಲ್ಲುವುದು, ಇವೆಲ್ಲ ಅನುಭವಿಸಿದವರು ಬರೆದಂತಿವೆ.

ಕಲ್ಲುದಾರಿಯ ಮೇಲೆ ಭಯ ಹತ್ತಿದಾಗ ವಯೊಲೆಟ್ ತಾನು ಓದಿದ ಇತಿಹಾಸ ಭೂಗೋಳಗಳನ್ನು ಬಾಯಿಪಾಠ ಒಪ್ಪಿಸುತ್ತ ನಡೆಯುತ್ತಾಳೆ. ಬಲದಲ್ಲಿ ಗೆಲ್ಲಲಾರದ ಎದುರಾಳಿಗೆ ಕಾದಾಟಕ್ಕೆ ಮುನ್ನವೇ ಸೌಮ್ಯವಾದ ವಿಷ ಹಾಕಿ ಸಮಬಲ ಮಾಡಿಕೊಳ್ಳುತ್ತಾಳೆ. ಏರಲಾಗದ ಅಡೆತಡೆಯ ಮುಂದೆ ಕಾಲೇಜಿನ ನಿಯಮಪುಸ್ತಕದ ವಿಧಿಯೊಂದನ್ನೇ ಎತ್ತಿ ತೋರಿಸಿ ದಾಟಿಹೋಗುತ್ತಾಳೆ. ಓದಿಕೊಂಡ ಹುಡುಗಿಯ ಓದೇ ಆಯುಧವಾಗುವ ಕಥೆ ಯಾರಿಗೆ ಇಷ್ಟವಾಗದು? ಮನೆಯಲ್ಲಿ ಯಾವಾಗಲೂ ಪುಸ್ತಕ ಹಿಡಿದು ಮೂಲೆ ಸೇರಿದ್ದಕ್ಕೆ ಬೈಸಿಕೊಂಡ ಪ್ರತಿ ಹುಡುಗಿಗೂ ಇದು ತನ್ನದೇ ಕಥೆ ಅನ್ನಿಸುತ್ತದೆ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಎಳೆ. ಅಪ್ಪ ಅವಳಿಗೆ ಹಳೆಯ ಜನಪದ ಕಥೆಗಳ ಪುಸ್ತಕವೊಂದನ್ನು ಕೊಟ್ಟಿರುತ್ತಾನೆ. ನೆಲದ ಸತ್ವವನ್ನೇ ಹೀರಿ ಶಕ್ತಿ ಪಡೆಯುವ ವೆನಿನ್ ಎಂಬ ದುಷ್ಟರ ಕಥೆಗಳು ಅದರಲ್ಲಿವೆ. ರಾಜ್ಯದ ಪಾಲಿಗೆ ಅವೆಲ್ಲ ಮಕ್ಕಳನ್ನು ಹೆದರಿಸುವ ಅಜ್ಜಿಕಥೆ. ಕಾದಂಬರಿಯ ಕೊನೆಗೆ ವೆನಿನ್‌ಗಳು ನಿಜಕ್ಕೂ ಇದ್ದಾರೆಂದು ತಿಳಿಯುತ್ತದೆ. ಗಡಿಯಾಚೆಯ ಜನ ಅವರ ಕೈಯಲ್ಲಿ ಸಾಯುತ್ತಿದ್ದಾರೆ. ನವಾರ್ ತನ್ನ ಸುತ್ತ ಮಂತ್ರದ ಬೇಲಿ ಕಟ್ಟಿಕೊಂಡು ಒಳಗೆ ಸುಖವಾಗಿದೆ, ಹೊರಗಿನವರ ಸಾವು ತನ್ನ ಪ್ರಜೆಗಳಿಗೆ ತಿಳಿಯದಂತೆ ಪತ್ರಾಗಾರದ ಕಡತಗಳನ್ನು ತಿದ್ದಿಬಿಟ್ಟಿದೆ. ಅರಮನೆ ಬರೆಸಿದ ಇತಿಹಾಸ ಸುಳ್ಳು, ಜನ ಹೇಳಿಕೊಂಡು ಬಂದ ಕಥೆ ಸತ್ಯ. ಜನಪದ ಕಥೆಗಳನ್ನು ಕೇಳಿ ಬೆಳೆದ, ಶಾಸನಗಳಲ್ಲಿ ರಾಜರ ಗೆಲುವನ್ನಷ್ಟೇ ಓದಿದ ಯಾರಿಗಾದರೂ ಈ ತಿರುವು ಎದೆಗೆ ನಾಟುತ್ತದೆ. ಇಲ್ಲಿಂದ ಒಂದು ದೊಡ್ಡ ಕಾದಂಬರಿ ಬೆಳೆಯಬಹುದು ಎಂದು ನಾನು ನಂಬಿದೆ.

ಅದೇ ಮೊದಲ ಸಂಪುಟದ ಕೊನೆಯ ಕಾಳಗದಲ್ಲಿ ವಯೊಲೆಟ್‌ಳ ಗೆಳೆಯ ಲಿಯಮ್ ಸಾಯುತ್ತಾನೆ. ಈ ಲೋಕದ ಕಟ್ಟಳೆ ಹೀಗಿದೆ: ಡ್ರ್ಯಾಗನ್ ಸತ್ತರೆ ಅದರ ಸವಾರನೂ ಉಳಿಯುವುದಿಲ್ಲ. ಲಿಯಮ್‌ನ ಡ್ರ್ಯಾಗನ್ ನೆಲಕ್ಕೆ ಬಿದ್ದಾಗ ಅವನ ಮೈಮೇಲೆ ಗಾಯವಿಲ್ಲದಿದ್ದರೂ ಆಯುಷ್ಯ ಮುಗಿದಿದೆ, ಅದು ಅವನಿಗೂ ಗೊತ್ತು. ಆ ಕೆಲವು ಪುಟಗಳಲ್ಲಿ ಯಾರೋಸ್ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ. ಹಾಕಿದ ಕಟ್ಟಳೆಯನ್ನು ಪಾಲಿಸಿದರು, ಓದುಗರು ಅದರ ಬೆಲೆ ತೆತ್ತರು. ಫ್ಯಾಂಟಸಿ ಎಂಬ ಪ್ರಕಾರ ನಿಂತಿರುವುದೇ ಇದರ ಮೇಲೆ. ಅಲ್ಲಿ ಏನು ಬೇಕಾದರೂ ಆಗಬಹುದು ಎಂದು ಹೊರಗಿನವರು ಭಾವಿಸುತ್ತಾರೆ. ಏನು ಬೇಕಾದರೂ ಆಗುವ ಲೋಕದಲ್ಲಿ ಯಾವುದಕ್ಕೂ ಬೆಲೆಯಿಲ್ಲ ಎಂದು ಒಳಗಿನವರಿಗೆ ಗೊತ್ತು.

ಪ್ರೇಮದ ಬಗ್ಗೆಯೂ ಇಲ್ಲೇ ಹೇಳಬೇಕು. ಈ ಬಗೆಯ ಪುಸ್ತಕಗಳಿಗೆ ಈಗ ರೊಮಾಂಟಸಿ ಎಂಬ ಹೆಸರು ಬಿದ್ದಿದೆ. ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್' 2015ರಲ್ಲಿ ಬಂದಾಗಿನಿಂದ ಹೊಳೆ ಹರಿಯಿತು, ಟಿಕ್‌ಟಾಕ್‌ನ ಪುಸ್ತಕಪ್ರಿಯರ ಬಳಗವಾದ ಬುಕ್‌ಟಾಕ್‌ನಲ್ಲಿ ಹುಡುಗಿಯರು ಪುಸ್ತಕ ಹಿಡಿದು ಅತ್ತು ನಕ್ಕು ಮಾತಾಡತೊಡಗಿದ ಮೇಲೆ ಹೊಳೆ ಪ್ರವಾಹವಾಯಿತು. ಗಂಭೀರ ವಿಮರ್ಶಕರು ಇದನ್ನು ಕಂಡು ಮೂಗು ಮುರಿಯುತ್ತಾರೆ. ನಾನು ಅವರ ಜತೆಯಲ್ಲಿಲ್ಲ. ಕನ್ನಡದಲ್ಲಿ ವಾರಪತ್ರಿಕೆಗಳ ಧಾರಾವಾಹಿಗಳನ್ನು ಓದಿದ ಹೆಂಗಸರ ಬಗ್ಗೆಯೂ ಇದೇ ತಾತ್ಸಾರ ಇತ್ತು. ತ್ರಿವೇಣಿ, ಎಂ.ಕೆ. ಇಂದಿರಾ, ಆಮೇಲೆ ಸಾಯಿಸುತೆ, ಇವರ ಪುಸ್ತಕಗಳು ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ರಟ್ಟು ಕಿತ್ತುಬರುವಷ್ಟು ಕೈ ಬದಲಿಸಿದವು. ಮನೆಗೆಲಸ ಮುಗಿಸಿ, ಮಧ್ಯಾಹ್ನದ ಒಂದು ಗಂಟೆಯನ್ನು ತನ್ನದಾಗಿ ಮಾಡಿಕೊಂಡು ಓದಿದ ಹೆಂಗಸು ಆ ಪುಟಗಳಲ್ಲಿ ತನ್ನ ಮನಸ್ಸಿಗೆ ಬೆಲೆಕೊಡುವ ಒಂದು ಲೋಕವನ್ನು ಹುಡುಕಿದಳು. ಕೊನೆಯಲ್ಲಿ ನಾಯಕ ನಾಯಕಿ ಸೇರುತ್ತಾರೆಂದು ಮೊದಲೇ ಗೊತ್ತಿದ್ದೂ ಓದಿದಳು. ಹೇಗೆ ಸೇರುತ್ತಾರೆ, ಸೇರುವಷ್ಟರಲ್ಲಿ ಏನೇನು ಬದಲಾಗುತ್ತದೆ ಎಂಬುದೇ ಅವಳಿಗೆ ಬೇಕಾಗಿತ್ತು. ಹಾಗಾಗಿ ಡ್ರ್ಯಾಗನ್ನುಗಳ ನಡುವೆ ಪ್ರೇಮ ಯಾಕೆ ಬಂತು ಎಂಬ ದೂರು ನನ್ನದಲ್ಲ. ಪ್ರೇಮ ಬಂದ ಮೇಲೆ ಲೋಕದ ಕಟ್ಟಳೆ ಅದಕ್ಕೆ ಮಾತ್ರ ಯಾಕೆ ಅನ್ವಯಿಸಲಿಲ್ಲ ಎಂಬುದು ನನ್ನ ದೂರು.

ವಯೊಲೆಟ್ ಪ್ರೀತಿಸುವ ಝೇಡನ್ ರಿಯೋರ್ಸನ್ ಬಂಡಾಯಗಾರನ ಮಗ. ಅವನ ತಂದೆಯನ್ನು ರಾಜ್ಯ ಕೊಂದಿದೆ, ಬಂಡಾಯ ಅಡಗಿಸುವುದರಲ್ಲಿ ವಯೊಲೆಟ್‌ಳ ತಾಯಿಯ ಕೈಯಿದೆ. ಸೋತವರ ಮಕ್ಕಳ ಹೊಣೆ ಹೊತ್ತದ್ದಕ್ಕೆ ಅವನ ಬೆನ್ನಿನ ಮೇಲೆ 107 ಗಾಯದ ಗೆರೆಗಳಿವೆ, ಒಂದೊಂದು ಮಗುವಿಗೂ ಒಂದೊಂದು. ವಯೊಲೆಟ್‌ಳ ಡ್ರ್ಯಾಗನ್ ಟೇರ್ನ್ ಮತ್ತು ಝೇಡನ್‌ನ ಡ್ರ್ಯಾಗನ್ ಸ್ಗೇಲ್ ಗಂಡಹೆಂಡಿರು. ಅವು ಒಂದನ್ನೊಂದು ಬಿಟ್ಟಿರಲಾರವು, ಒಬ್ಬರ ಸಾವು ನಾಲ್ವರನ್ನೂ ಎಳೆದೊಯ್ಯಬಹುದು. ಹೀಗಾಗಿ ಈ ಹುಡುಗ ಹುಡುಗಿ ಬೇಕಿರಲಿ ಬೇಡದಿರಲಿ ಹತ್ತಿರವೇ ಇರಬೇಕು.

ಎಂಥ ಹೂಡಿಕೆ ಇದು! ಹತ್ತಿರವಿರಲೇಬೇಕಾದ ಕಡೆ ಹುಟ್ಟಿದ ಒಲವು ಸ್ವಂತದ್ದೇ, ಡ್ರ್ಯಾಗನ್ನುಗಳು ತಂದುಹಾಕಿದ್ದೇ? ಪ್ರಾಣ ಉಳಿಸಿಕೊಳ್ಳಲು ಒಬ್ಬನ ಪಕ್ಕದಲ್ಲಿರುವವಳು ಅವನನ್ನು ಬೇಡ ಅನ್ನಬಲ್ಲಳೇ? ಹಿರಿಯರು ಗೊತ್ತುಮಾಡಿದ ಮದುವೆಯೊಳಗೆ ಪ್ರೀತಿಯನ್ನು ಹುಡುಕಿಕೊಂಡ, ಹುಡುಕಿ ಸೋತ ತಲೆಮಾರುಗಳ ನಮಗೆ ಈ ಪ್ರಶ್ನೆ ಹೊಸದಲ್ಲ. ಕಾದಂಬರಿ ಪ್ರಶ್ನೆಯ ಹತ್ತಿರ ಬರುತ್ತದೆ, ಮುಟ್ಟುತ್ತದೆ, ಬಿಟ್ಟು ಹೋಗುತ್ತದೆ. ಅವರಿಬ್ಬರ ಮೈಯ ಸೆಳೆತದ ವರ್ಣನೆಗೆ ಪುಟಗಳ ಮೇಲೆ ಪುಟ ಸಲ್ಲುತ್ತದೆ, ಆ ಸೆಳೆತ ಎಲ್ಲಿಂದ ಬಂತೆಂದು ಅವಳು ನಿಂತು ಯೋಚಿಸುವುದಕ್ಕೆ ಪುಟ ಸಿಗುವುದಿಲ್ಲ.

ಇನ್ನೊಂದು ಕಡೆ ನನಗೆ ನಿಜಕ್ಕೂ ನೋವಾಯಿತು. ವಯೊಲೆಟ್‌ಳ ಬಾಲ್ಯದ ಗೆಳೆಯ ಡೇನ್. ಕೈ ತಾಗಿಸಿ ಇನ್ನೊಬ್ಬರ ನೆನಪನ್ನು ಓದುವುದು ಅವನ ಶಕ್ತಿ. ಅವನು ಅವಳನ್ನು ಕೇಳದೆ ಅವಳ ನೆನಪನ್ನು ಓದುತ್ತಾನೆ. ಆ ಮಾಹಿತಿ ಅವನ ಅಪ್ಪನಿಗೆ ಮುಟ್ಟಿ, ಬಲೆ ಹೆಣೆದು, ಲಿಯಮ್‌ನ ಸಾವಿನವರೆಗೂ ಎಳೆಯುತ್ತದೆ. ವಯೊಲೆಟ್ ಅವನನ್ನು ದೂರ ಇಡುತ್ತಾಳೆ, ಓದುಗರೂ ಇಡುತ್ತಾರೆ. ಒಪ್ಪಿಗೆಯಿಲ್ಲದೆ ಹೆಣ್ಣಿನ ಮನಸ್ಸಿನೊಳಗೆ ಹೋಗುವುದು ದ್ರೋಹ ಎಂದು ಕಾದಂಬರಿ ಸ್ಪಷ್ಟವಾಗಿ ಹೇಳಿತು, ನಾನು ಮೆಚ್ಚಿದೆ. ಎರಡನೆಯ ಸಂಪುಟ 'ಐರನ್ ಫ್ಲೇಮ್'ನಲ್ಲಿ ಝೇಡನ್‌ನ ಗುಟ್ಟು ಹೊರಬೀಳುತ್ತದೆ: ಅವನಿಗೂ ಎದುರಿನವರ ಮನಸ್ಸಿನ ಉದ್ದೇಶ ಓದಲು ಬರುತ್ತದೆ, ಮೊದಲ ದಿನದಿಂದಲೂ. ಆ ರಾಜ್ಯದಲ್ಲಿ ಮನಸ್ಸು ಓದುವವರಿಗೆ ಮರಣದಂಡನೆ, ಆದ್ದರಿಂದ ಅವನು ಬಚ್ಚಿಟ್ಟದ್ದಕ್ಕೆ ಕಾರಣವಿದೆ. ಆದರೂ ಅವಳ ಒಂದೊಂದು ಹಿಂಜರಿಕೆ, ಒಂದೊಂದು ಆಸೆ ಅವನಿಗೆ ಕಂಡಿದ್ದಿರಬೇಕಲ್ಲವೇ? ಅವರ ಮೊದಲ ಮುತ್ತು, ಮೊದಲ ಜಗಳ ಎಲ್ಲದರ ಅರ್ಥವೂ ಈಗ ಬೇರೆಯಾಗಬೇಕಲ್ಲವೇ? ವಯೊಲೆಟ್ ಸಿಟ್ಟಾಗುತ್ತಾಳೆ, ಕೂಗಾಡುತ್ತಾಳೆ, ಕಥೆ ಮುಂದಕ್ಕೆ ಓಡುತ್ತದೆ. ಡೇನ್ ಮಾಡಿದ್ದು ಕ್ಷಮೆಗೆ ಸುಲಭವಾಗಿ ದಕ್ಕದ ತಪ್ಪು, ಝೇಡನ್ ಮಾಡಿದ್ದು ಜಗಳವಾಡಿ ಮುಗಿಸಬಹುದಾದ ತಪ್ಪು. ಇಬ್ಬರ ನಡುವೆ ವ್ಯತ್ಯಾಸ ಒಂದೇ: ಒಬ್ಬ ಕಥಾನಾಯಕ. ನಾಯಕನಿಗೆ ಒಂದು ನ್ಯಾಯ, ಉಳಿದವರಿಗೆ ಒಂದು ನ್ಯಾಯ ಎಂಬಲ್ಲಿ ಪ್ರೇಮಕಥೆಯೇ ಬಡವಾಗುತ್ತದೆ. ಅವನನ್ನು ಅವಳು ಕ್ಷಮಿಸಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಆ ಕ್ಷಮೆ ಎಷ್ಟು ಕಷ್ಟದ್ದು ಎಂದು ಓದುಗರಿಗೆ ಕಾಣಿಸಬೇಕಿತ್ತು.

ಮೂರನೆಯ ಸಂಪುಟದ ಹೊತ್ತಿಗೆ ಝೇಡನ್ ಸ್ವತಃ ವೆನಿನ್ ಆಗಿದ್ದಾನೆ. ಎರಡನೆಯದರ ಕೊನೆಯಲ್ಲಿ ಅವಳನ್ನು ಉಳಿಸಲು ನೆಲದ ಶಕ್ತಿಯನ್ನು ಹೀರಿದವನು. ಹೀರಿದಷ್ಟೂ ಆತ್ಮ ಕರಗುತ್ತದೆ, ಮತ್ತೆ ಹೀರಬೇಕೆಂಬ ದಾಹ ಬೆಳೆಯುತ್ತದೆ. ಗುಣಪಡಿಸುವ ದಾರಿ ಇದ್ದೇ ಇದೆ ಎಂದು ವಯೊಲೆಟ್ ಹಟ ಹಿಡಿಯುತ್ತಾಳೆ. ಕುಡಿತಕ್ಕೆ ಬಿದ್ದ ಗಂಡನನ್ನು ಹೇಗಾದರೂ ಉಳಿಸಿಕೊಳ್ಳುತ್ತೇನೆಂದು ಒದ್ದಾಡುವ ಹೆಂಗಸರ ಮುಖ ನನಗೆ ಈ ಭಾಗಗಳಲ್ಲಿ ಕಂಡಿತು. ಇಡೀ ಪುಸ್ತಕದಲ್ಲಿ ಜೀವವಿರುವ ಜಾಗ ಇದು. ಇಲ್ಲೂ ನಿಲ್ಲಲು ಪುಸ್ತಕಕ್ಕೆ ಪುರಸತ್ತಿಲ್ಲ, ಯಾಕೆಂದರೆ ಸಮುದ್ರ ದಾಟಬೇಕಿದೆ.

ದ್ವೀಪಗಳ ಪ್ರಯಾಣ 'ಓನಿಕ್ಸ್ ಸ್ಟಾರ್ಮ್'ನ ದೊಡ್ಡ ಭಾಗ. ವಯೊಲೆಟ್‌ಳಿಗೆ ಟೇರ್ನ್ ಅಲ್ಲದೆ ಆಂಡಾರ್ನ ಎಂಬ ಎಳೆಯ ಡ್ರ್ಯಾಗನ್ನೂ ಒಲಿದಿದೆ. ಅದು ಕಾಣೆಯಾದ ಏಳನೆಯ ತಳಿಯದು, ಇರಿಡ್‌ಗಳ ಮರಿ. ಆ ತಳಿಯನ್ನು ಹುಡುಕಲು, ಅಪ್ಪನ ಸಂಶೋಧನೆಯ ಜಾಡು ಹಿಡಿದು ತಂಡ ಹೊರಡುತ್ತದೆ. ಮೊದಲ ದ್ವೀಪ ಡೆವರೆಲಿ, ಅಲ್ಲಿಯವರದೆಲ್ಲ ವ್ಯಾಪಾರ. ಮುಂದಿನದು ಅನ್‌ಬ್ರಿಯೆಲ್, ಅಲ್ಲೆಲ್ಲ ಯುದ್ಧ. ಹೆಡೋಟಿಸ್‌ನಲ್ಲಿ ಜ್ಞಾನದ ಆರಾಧನೆ, ಝೆಹಿಲ್ನದಲ್ಲಿ ಅದೃಷ್ಟದ ಆರಾಧನೆ. ಒಂದೊಂದು ದ್ವೀಪಕ್ಕೂ ಒಂದೊಂದೇ ಗುಣ! ಇಡೀ ಜನಾಂಗವೊಂದು ಒಂದೇ ಗುಣದ ಮೇಲೆ ಬದುಕುವುದುಂಟೇ? ಅವರ ಕೃಷಿ ಏನು, ಊಟ ಏನು, ಹಾಡು ಏನು, ವ್ಯಾಪಾರಿಗಳ ದ್ವೀಪದಲ್ಲಿ ಸಾಲ ತೀರಿಸಲಾಗದವನ ಗತಿ ಏನು? ತಂಡ ಬರುತ್ತದೆ, ಅಪಾಯಕ್ಕೆ ಸಿಲುಕುತ್ತದೆ, ಪಾರಾಗುತ್ತದೆ, ಹೊರಡುತ್ತದೆ. ಹೆಡೋಟಿಸ್‌ನಲ್ಲಿ ಝೇಡನ್‌ನನ್ನು ಬಾಲ್ಯದಲ್ಲೇ ಬಿಟ್ಟುಹೋದ ತಾಯಿ ಎದುರಾಗುತ್ತಾಳೆ. ತೊರೆದ ತಾಯಿ, ತಾನು ದಿನದಿನಕ್ಕೂ ಮನುಷ್ಯತ್ವ ಕಳೆದುಕೊಳ್ಳುತ್ತಿರುವೆನೆಂದು ಬಲ್ಲ ಮಗ. ಇವರಿಬ್ಬರನ್ನು ಎದುರುಬದುರು ಕೂರಿಸಿದ ಮೇಲೆ ಲೇಖಕಿ ಬೇರೇನೂ ಮಾಡಬೇಕಿರಲಿಲ್ಲ. ಊಟದಲ್ಲಿ ವಿಷ ಬೀಳುತ್ತದೆ, ಗದ್ದಲವಾಗುತ್ತದೆ, ದೃಶ್ಯ ಮುಗಿಯುತ್ತದೆ.

ಕೊನೆಗೆ ಇರಿಡ್‌ಗಳು ಸಿಗುತ್ತವೆ. ನನ್ನ ಮಟ್ಟಿಗೆ ಸರಣಿಯ ಅತ್ಯುತ್ತಮ ಕಲ್ಪನೆ ಇದು. ಅವು ಯುದ್ಧವನ್ನು ತೊರೆದ ಡ್ರ್ಯಾಗನ್ನುಗಳು. ಶತಮಾನಗಳ ಹಿಂದೆ ಮನುಷ್ಯರ ಹಿಂಸೆಯಿಂದ ದೂರ ಸರಿದವು. ತಮ್ಮ ಮರಿಯೊಂದು ಮನುಷ್ಯರ ಯುದ್ಧದಲ್ಲಿ ಬೆಂಕಿ ಉಗುಳಿ ಕೊಂದು ಬಂದಿದೆ ಎಂದು ತಿಳಿದಾಗ ಅವು ಸಹಾಯ ಕೊಡಲು ಒಪ್ಪುವುದಿಲ್ಲ. ಇದುವರೆಗೆ ಡ್ರ್ಯಾಗನ್ ಎಂದರೆ ಶೌರ್ಯ, ಬೆಂಕಿ ಎಂದರೆ ಗೆಲುವು ಎಂದು ನಂಬಿ ಓದಿದ ನಮ್ಮನ್ನೇ ಆ ನಿರಾಕರಣೆ ಕಟಕಟೆಗೆ ತರುತ್ತದೆ. ಎಳೆಯ ಮರಿಯನ್ನು ರಣರಂಗಕ್ಕೆ ತಂದವಳು ವಯೊಲೆಟ್. ಅವಳು ಈ ಮಾತನ್ನು ಮೈಮೇಲೆ ಹಾಕಿಕೊಂಡು ನರಳಬೇಕಿತ್ತು, ತಾನು ಕಲಿತ ಕಾಲೇಜು ತನ್ನನ್ನು ಏನು ಮಾಡಿಬಿಟ್ಟಿತು ಎಂದು ಕೇಳಿಕೊಳ್ಳಬೇಕಿತ್ತು. ಕಥೆ ಅವಳಿಗೆ ಆ ಪುರಸತ್ತನ್ನು ಕೊಡುವುದಿಲ್ಲ. ಹುಡುಕಾಟಕ್ಕೆ ಪುಸ್ತಕದ ಅಷ್ಟೊಂದು ಭಾಗ ಖರ್ಚಾದ ಮೇಲೆ ಸಿಕ್ಕ ಸತ್ಯಕ್ಕೆ ಸಿಗುವುದು ಚೂರು ಜಾಗ.

ಡ್ರ್ಯಾಗನ್ ಸವಾರರ ಪ್ರೇಮಕಥೆ ಹೀಗೇ ಇರಬೇಕೆಂದಿಲ್ಲ. ಆ್ಯನ್ ಮಕ್ಯಾಫ್ರಿ ಅವರ 'ಡ್ರ್ಯಾಗನ್‌ಫ್ಲೈಟ್' 1968ರಲ್ಲೇ ಬಂತು. ಮನಸ್ಸಿನಲ್ಲೇ ಮಾತಾಡುವ ಡ್ರ್ಯಾಗನ್, ಅದರ ಜತೆ ಜೀವಮಾನದ ನಂಟು, ಡ್ರ್ಯಾಗನ್ನುಗಳ ಜೋಡಿಯಿಂದ ಅವುಗಳ ಸವಾರರೂ ಜೋಡಿಯಾಗುವುದು, ಎಲ್ಲವೂ ಅಲ್ಲಿವೆ. ಅಲ್ಲಿನ ಲೆಸಾ ಮತ್ತು ಎಫ್‌ಲಾರ್ ನಡುವಿನ ಸಂಬಂಧದಲ್ಲಿ ಗಂಡಿನ ಒರಟುತನವನ್ನು ಇಂದು ಓದುವಾಗ ಮೈ ಮುದುಡುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಲೋಕಕ್ಕೆ ತೂಕವಿದೆ. ಆಕಾಶದಿಂದ ಬೀಳುವ ವಿನಾಶಕಾರಿ ಎಳೆಗಳನ್ನು ಸುಡುವುದು ಡ್ರ್ಯಾಗನ್ನುಗಳ ಕೆಲಸ. ನಾನೂರು ವರ್ಷ ಎಳೆಗಳೇ ಬೀಳದಿದ್ದಾಗ, ಸವಾರರನ್ನೂ ಡ್ರ್ಯಾಗನ್ನುಗಳನ್ನೂ ಸಾಕಲು ಕಂದಾಯ ತೆರುತ್ತಿದ್ದ ಊರುಗಳು ಇನ್ನು ಯಾಕೆ ತೆರಬೇಕು ಎಂದು ತಿರುಗಿಬೀಳುತ್ತವೆ. ಡ್ರ್ಯಾಗನ್‌ಗೆ ಮೇವು ಕೊಡುವವರು ಯಾರು ಎಂಬ ಪ್ರಶ್ನೆಯಿಂದ ಕಥೆಯ ರಾಜಕಾರಣ ಹುಟ್ಟುತ್ತದೆ. ಬಾಸ್ಗಿಯತ್‌ನ ಡ್ರ್ಯಾಗನ್ನುಗಳು ಕುರಿ ಹಿಡಿದು ತಿನ್ನುತ್ತವೆ. ಆ ಕುರಿಗಾಹಿ ಯಾರು, ಅವನಿಗೆ ಯಾರು ಏನು ಕೊಟ್ಟರು? ಮೂರು ಸಂಪುಟ ಮುಗಿದರೂ ಅವನ ಮುಖ ನಾವು ನೋಡಿಲ್ಲ.

ಭಾಷೆಯ ಮಾತೂ ಇದೆ. ಅರ್ಸುಲಾ ಲೆ ಗ್ವಿನ್ 1973ರ ಒಂದು ಪ್ರಬಂಧದಲ್ಲಿ ತಮ್ಮ ಕಾಲದ ಫ್ಯಾಂಟಸಿ ಕಾದಂಬರಿಯೊಂದರ ಸಂಭಾಷಣೆ ತೆಗೆದುಕೊಂಡು, ನಾಲ್ಕಾರು ಪದಗಳನ್ನಷ್ಟೇ ಬದಲಿಸಿ, ಅದು ವಾಷಿಂಗ್ಟನ್‌ನ ರಾಜಕಾರಣಿಗಳ ಮಾತಾಗಿಬಿಡುವುದನ್ನು ತೋರಿಸಿದರು. ಬೇರೆ ಲೋಕದ ಜನ ಬೇರೆಯಾಗಿ ಯೋಚಿಸುತ್ತಾರೆ, ಆದ್ದರಿಂದ ಬೇರೆಯಾಗಿ ಮಾತಾಡುತ್ತಾರೆ ಎಂಬುದು ಅವರ ವಾದ. ಬಾಸ್ಗಿಯತ್‌ನ ಹುಡುಗ ಹುಡುಗಿಯರು ಇಂದಿನ ಅಮೆರಿಕದ ಕಾಲೇಜು ಹಾಸ್ಟೆಲಿನ ಬೈಗುಳ, ಚುಡಾಯಿಸುವಿಕೆ, ಪಿಸುಮಾತುಗಳಲ್ಲೇ ಮಾತಾಡುತ್ತಾರೆ. ಮೊದಲ ಸಂಪುಟದಲ್ಲಿ ಅದು ಓದಿಗೆ ಚುರುಕು ತಂದಿತು, ಒಪ್ಪುತ್ತೇನೆ. ಸಾವಿರಾರು ಪುಟಗಳಾದ ಮೇಲೆ, ದೇವರುಗಳಿರುವ, ಪ್ರಾಚೀನ ಲಿಪಿಗಳಿರುವ ನಾಡಿನಲ್ಲಿ ಯಾರೊಬ್ಬರೂ ತಮ್ಮದೇ ಆದ ಒಂದು ಗಾದೆಯನ್ನು, ಒಂದು ಆಣೆಯನ್ನು ಬಾಯಿತುಂಬ ಆಡುವುದಿಲ್ಲವಲ್ಲ ಎಂಬ ಕೊರತೆ ಕಾಡಿತು.

ಯಾಕೆ ಹೀಗಾಯಿತು? ಯಾರೋಸ್‌ಗೆ ಬರೆಯಲು ಬರುವುದಿಲ್ಲ ಎಂದು ಹೇಳಲಾರೆ. ಲಿಯಮ್‌ನ ಸಾವನ್ನು ಬರೆದ ಕೈ ಅದು. ಸೈನಿಕ ಕುಟುಂಬದಲ್ಲಿ ಬೆಳೆದು, ಸೈನಿಕನನ್ನು ಮದುವೆಯಾಗಿ, ಈ ಸರಣಿಗೆ ಮುನ್ನ ಹಲವಾರು ಪ್ರೇಮ ಕಾದಂಬರಿ ಬರೆದವರು ಅವರು. ಯುದ್ಧಕ್ಕೆ ಹೊರಟವನನ್ನು ಕಾಯುವುದು ಏನೆಂದು ಬಲ್ಲವರು. ದಿನಾಂಕಗಳನ್ನು ನೋಡಿ: ಮೊದಲ ಸಂಪುಟ 2023ರ ಮೇ, ಎರಡನೆಯದು ಅದೇ ವರ್ಷದ ನವೆಂಬರ್. ದಪ್ಪನೆಯ ಎರಡು ಕಾದಂಬರಿಗಳ ನಡುವೆ ಆರು ತಿಂಗಳು. ಪ್ರಕಾಶನಕ್ಕೆ ಕಾದ ಓದುಗರು ಬೇಕು, ಆರಿದ ಓದುಗರು ಬೇಡ. ಪುಟಗಳ ಅಂಚಿಗೆ ಬಣ್ಣ ಬಳಿದ ವಿಶೇಷ ಆವೃತ್ತಿ, ಮುಂಗಡ ಬುಕಿಂಗ್, ಮಧ್ಯರಾತ್ರಿಯ ಬಿಡುಗಡೆ, ಇವೆಲ್ಲದಕ್ಕೂ ತಾರೀಖು ಮೊದಲೇ ಗೊತ್ತಾಗಿರಬೇಕು. ಕಾದಂಬರಿ ಆ ತಾರೀಖಿಗೆ ಮಾಗಿರಬೇಕು.

ಇದರ ಜತೆಗೆ ಪುಸ್ತಕ ಮಾರುವ ಭಾಷೆ ಬರೆಯುವ ಭಾಷೆಯೊಳಕ್ಕೆ ನುಗ್ಗಿದೆ. ಶತ್ರುಗಳು ಪ್ರೇಮಿಗಳಾಗುವುದು, ಇಬ್ಬರಿಗೂ ಒಂದೇ ಹಾಸಿಗೆ ಸಿಗುವುದು, ವಿಧಿಯೇ ಕೂಡಿಸಿದ ಜೋಡಿ, ಅವಳನ್ನು ಮುಟ್ಟಿದವರನ್ನು ಕೊಲ್ಲುವ ನಾಯಕ. ಓದುಗರು ಪುಸ್ತಕವನ್ನು ಹೀಗೆ ಹೆಸರಿಟ್ಟು ಕೇಳುತ್ತಾರೆ, ಜಾಹೀರಾತುಗಳಲ್ಲೂ ಹಾಗೇ ಬರುತ್ತದೆ. ಇವು ಹಳೆಯ ಸನ್ನಿವೇಶಗಳು, ಅವುಗಳದ್ದೇನೂ ತಪ್ಪಿಲ್ಲ. 'ಬ್ಯೂಟಿ ಆ್ಯಂಡ್ ದ ಬೀಸ್ಟ್' ಕಥೆಯನ್ನು ಮದಾಮ್ ವಿಲ್‌ನವ್ 1740ರಲ್ಲಿ ಬರೆದಾಗಲೂ ಹೆದರಿಸುವ ಗಂಡು, ಹೆದರದ ಹೆಣ್ಣು, ದೊಡ್ಡ ಮನೆ ಇದ್ದವು. ಸನ್ನಿವೇಶಗಳ ಪಟ್ಟಿಯನ್ನು ಪೂರೈಸುವುದೇ ಬರವಣಿಗೆಯಾದಾಗ ಅವುಗಳ ನಡುವಿನ ಜಾಗ ಖಾಲಿಯಾಗುತ್ತದೆ. ಪಾತ್ರಗಳು ಬೆಳೆಯುವುದು ಆ ನಡುವಿನ ಜಾಗದಲ್ಲಿ.

ಮಾಯಕದ ಗಂಡನನ್ನು ಪ್ರೀತಿಸಿದ ಹೆಣ್ಣಿನ ಕಥೆ ನಮ್ಮಲ್ಲೂ ಇದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು ಗಿರೀಶ ಕಾರ್ನಾಡರು 'ನಾಗಮಂಡಲ' ಬರೆದರು. ಹಗಲು ಬೈಯುವ ಗಂಡ, ರಾತ್ರಿ ಅದೇ ರೂಪದಲ್ಲಿ ಬಂದು ಪ್ರೀತಿಸುವ ನಾಗ. ನಾಯಕಿ ರಾಣಿಗೆ ಅನುಮಾನ ಬರುತ್ತದೆ, ಕೇಳಬಾರದೆಂದು ಕೇಳದಿರುತ್ತಾಳೆ. ಒಲವಿಗೆ ಬೆಲೆ ತೆರುವ ಹೊತ್ತು ಬರುತ್ತದೆ: ಊರ ಪಂಚರ ಮುಂದೆ, ಹುತ್ತದೊಳಗೆ ಕೈಯಿಟ್ಟು, ನಾಗನನ್ನೇ ಹಿಡಿದು ಅವಳು ಆಣೆ ಮಾಡಬೇಕು. ನಾಗನೂ ತೆರುತ್ತಾನೆ. ಆ ನಾಟಕದಲ್ಲಿ ಮಾಯೆ ಪ್ರೇಮಕ್ಕೆ ಅಲಂಕಾರವಲ್ಲ. ಮಾಯೆ ಇರುವುದರಿಂದಲೇ ಪ್ರೇಮ ಪ್ರಶ್ನೆಗೆ ಬೀಳುತ್ತದೆ, ಮದುವೆಯೂ ಬೀಳುತ್ತದೆ.

ಇಂಗ್ಲಿಷಿನಲ್ಲೇ ಹುಡುಕುವವರಿಗೆ ನಾನು ಒತ್ತಾಯಿಸಿ ಕೊಡುವ ಪುಸ್ತಕ ಜೂಲಿಯೆಟ್ ಮರಿಲಿಯರ್ ಅವರ 'ಡಾಟರ್ ಆಫ್ ದ ಫಾರೆಸ್ಟ್'. ನ್ಯೂಜಿಲೆಂಡ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಮರಿಲಿಯರ್ 1999ರಲ್ಲಿ ಇದನ್ನು ಬರೆದರು. ಹಳೆಯ ಐರ್ಲೆಂಡ್. ಮಲತಾಯಿಯ ಮಾಟದಿಂದ ಆರು ಅಣ್ಣಂದಿರು ಹಂಸಗಳಾಗಿದ್ದಾರೆ. ಚುಚ್ಚುವ ಗಿಡದ ನಾರಿನಿಂದ ಆರು ಅಂಗಿ ಮಾಡಿ ತೊಡಿಸಬೇಕು, ಮುಗಿಯುವವರೆಗೆ ತಂಗಿ ಸೋರ್ಷಾ ಬಾಯಿಬಿಡಬಾರದು. ಅವಳ ಕೈ ಊದಿ ಬಿರಿಯುತ್ತದೆ. ಬ್ರಿಟನ್ನಿನ ದೊರೆಯೊಬ್ಬ ಅವಳನ್ನು ತನ್ನ ಮನೆಗೆ ಕರೆದೊಯ್ಯುತ್ತಾನೆ. ಅವನಿಗೆ ತನ್ನ ಕಾಣೆಯಾದ ತಮ್ಮನ ಸುದ್ದಿ ಬೇಕು, ಆ ಸುದ್ದಿ ಅವಳಿಗೆ ಗೊತ್ತು, ಹೇಳುವಂತಿಲ್ಲ. ಶತ್ರುಗಳ ಮನೆ, ಮಾತಿಲ್ಲದ ಹುಡುಗಿ, ಮಾತಿಗಾಗಿ ಕಾಯು​ವ ಗಂಡು. ಬೇರೆ ಪುಸ್ತಕಗಳಲ್ಲಿ ಮಾರುವ ಚೀಟಿಯಾಗುವ ಸನ್ನಿವೇಶಗಳೇ ಇಲ್ಲಿ ಉಸಿರಾಡುತ್ತವೆ, ಯಾಕೆಂದರೆ ಮೌನದ ಕಟ್ಟಳೆಯನ್ನು ಲೇಖಕಿ ಒಂದು ಸಾಲಿಗೂ ಸಡಿಲಿಸುವುದಿಲ್ಲ. ಅವನು ಅವಳನ್ನು ಅರಿಯುವುದು ಅವಳ ಕೈಕೆಲಸ ನೋಡಿ, ನಡಿಗೆ ನೋಡಿ, ನಡುಗುವುದನ್ನು ನೋಡಿ. ಕೊನೆಯ ಅಂಗಿ ಪೂರ್ತಿಯಾಗುವುದಿಲ್ಲ, ಒಬ್ಬ ಅಣ್ಣನಿಗೆ ತೋಳಿನ ಜಾಗದಲ್ಲಿ ಹಂಸದ ರೆಕ್ಕೆ ಉಳಿದುಬಿಡುತ್ತದೆ. ಪ್ರೇಮಿಗಳು ಸೇರುತ್ತಾರೆ, ಅದಕ್ಕಾಗಿ ಅವನು ತನ್ನ ನೆಲ ಮನೆ ಬಿಟ್ಟು ಅವಳ ಊರಿಗೆ ಬರುತ್ತಾನೆ. ಸುಖಾಂತ್ಯ ಹೌದು, ರೆಕ್ಕೆ ಮಾತ್ರ ಹಾಗೇ ಇದೆ.

ಯಾರೋಸ್ ಅವರ ಸರಣಿ ಐದು ಸಂಪುಟಗಳದ್ದು. ನಾಲ್ಕನೆಯದಕ್ಕೆ ಮುನ್ನ ಬಿಡುವು ತೆಗೆದುಕೊಳ್ಳುವುದಾಗಿ ಅವರು ಹೇಳಿದ್ದಾರೆ, ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಬಿಡುವಿನಲ್ಲಿ ಅವರು ತಮ್ಮದೇ ಮೊದಲ ಪುಸ್ತಕದ ಮೊದಲ ಪುಟಕ್ಕೆ ಮರಳಲಿ ಎಂದು ಆಸೆ. ಕಥೆ ತೊಡಗುವುದಕ್ಕೂ ಮುನ್ನ ಅಲ್ಲೊಂದು ಟಿಪ್ಪಣಿಯಿದೆ: ಇದನ್ನು ನವಾರ್‌ನ ಭಾಷೆಯಿಂದ ಇಂದಿನ ಭಾಷೆಗೆ ಇಳಿಸಿದವಳು ಜೆಸಿನಿಯಾ ನೀಲ್‌ವರ್ಟ್, ಲಿಪಿಕಾರರ ವಿಭಾಗದವಳು. ಜೆಸಿನಿಯಾ ವಯೊಲೆಟ್‌ಳ ಗೆಳತಿ. ಅವಳಿಗೆ ಕಿವಿ ಕೇಳಿಸುವುದಿಲ್ಲ, ಇಬ್ಬರೂ ಕೈಸನ್ನೆಯಲ್ಲಿ ಮಾತಾಡುತ್ತಾರೆ. ಕದ್ದು ಪುಸ್ತಕ ತಂದುಕೊಟ್ಟು, ತನ್ನ ಜೀವಕ್ಕೆ ಅಪಾಯ ತಂದುಕೊಂಡು ಸತ್ಯದ ಪರ ನಿಂತವಳು. ಕಡತ ತಿದ್ದುವ ರಾಜ್ಯದಲ್ಲಿ ಕೊನೆಗೂ ಕಡತ ಬರೆದದ್ದು ಅವಳು ಎಂದಾಯಿತು. ಅವಳು ಈ ಕಥೆಯನ್ನು ಎಷ್ಟು ಕಾಲದ ನಂತರ, ಯಾರು ಓದಲೆಂದು ಇಳಿಸಿದಳು, ನವಾರ್‌ನ ಭಾಷೆಗೆ ಆ ಹೊತ್ತಿಗೆ ಏನಾಗಿತ್ತು, ಗೆಳತಿಯ ಪ್ರೇಮವನ್ನು ಬರೆಯುವಾಗ ಯಾವುದನ್ನು ಇಟ್ಟುಕೊಂಡಳು, ಯಾವುದನ್ನು ಬಿಟ್ಟಳು? ಇದನ್ನೆಲ್ಲ ಹೇಳಲು ಯಾರೋಸ್ ಅವರ ಕೈಯಲ್ಲಿ ಇನ್ನೂ ಎರಡು ಸಂಪುಟಗಳಿವೆ.